ಹೊಟ್ಟೆ ತುಂಬಿದ್ದೂ ಸತ್ತ ಕುರಿಗಳು: ಚಳ್ಳಕೆರೆ ಕಡೆಯ ಒಂದು ಮಂದೆ, 2024ರ ಬೇಸಿಗೆ

2024ರ ಮಾರ್ಚ್ ಎರಡನೇ ವಾರ ಚಳ್ಳಕೆರೆ ತಾಲ್ಲೂಕಿನ ಒಂದು ಹಟ್ಟಿಯಿಂದ ಫೋನ್ ಬಂತು, ಕುರಿ ಸಾಯ್ತಾ ಇದಾವೆ, ಆರು ಹೋದ್ವು, ನಾಲ್ಕು ಮಲಗ್ಬಿಟ್ಟಿದಾವೆ ಏಳ್ತಿಲ್ಲ, ಯಾವ್ದೋ ಬೇನೆ ಬಂದಿರ್ಬೇಕು ಅಂತ. ಪಿಪಿಆರ್ (ಕುರಿ ಮೇಕೆಗೆ ಬರೋ ಅಂಟುರೋಗ) ಇರ್ಬಹುದು ಅಂತ ತಲೇಲಿಟ್ಕೊಂಡೇ ಹೋದ್ವಿ. ಮೂಗಲ್ಲಿ ಸಿಂಬಳ ಇಲ್ಲ, ಬಾಯಲ್ಲಿ ಹುಣ್ಣಿಲ್ಲ, ಜ್ವರ ಅಂತೂ ಇಲ್ಲವೇ ಇಲ್ಲ, ಮಲಗಿದ್ದ ಒಂದೆರಡರ ಮೈ ಮುಟ್ಟಿದ್ರೆ ತಣ್ಣಗಿತ್ತು. ಬೇನೆ ಅಲ್ಲ, ಮೇವಿನ ಕೇಸು. ಹಂಗಂತ ಬರಗಾಲ, ಮೇವಿಲ್ದೆ ಸತ್ವು ಅಂತ ಒಂದೇ ಮಾತಲ್ಲಿ ಬರೆದು ಮುಗಿಸೋ ಕೇಸೂ ಅಲ್ಲ, ಯಾಕಂದ್ರೆ ಇವ್ರು ಮೇವು ಹಾಕ್ತಾನೇ ಇದ್ರು, ಸಾಲ ಮಾಡಿ ಹಾಕ್ತಿದ್ರು, ಮತ್ತೆ ಸತ್ತ ಆರರಲ್ಲಿ ಮೂರು ಸತ್ತಿದ್ದು ಮೇವು ಹಾಕಿದ್ದಕ್ಕೇ.

ಮನೆಯೋರ ಹೆಸ್ರು, ಊರಿನ ಹೆಸ್ರು ಎರಡೂ ಬರೆಯಲ್ಲ. ಉಳಿದಿದ್ದೆಲ್ಲ ಇದ್ದಂಗೇ ಇದೆ.

ಮಂದೆ ಎಲ್ಲಿಂದ ಬಂದಿತ್ತು

ಅಣ್ಣ ತಮ್ಮ ಇಬ್ರ ಪಾಲೂ ಸೇರಿ 118 ಇತ್ತು, ನಾವು ಹೋಗೋ ಹೊತ್ತಿಗೆ 112. ದೊಡ್ಡ ಹೆಣ್ಣು ಕುರಿ 78, ಟಗರು 3, ಮಿಕ್ಕಿದ್ದು 31 ಮರಿ ಮತ್ತೆ ಬೆಳೆಯೋ ಗಂಡು. ಜಾತಿ ಈ ಕಡೆ ಎಲ್ರೂ ಸಾಕೋದೇ, ಬಳ್ಳಾರಿ ಕುರಿ, ಡೆಕ್ಕನಿ ಕುರಿ ಕಲೆಸಿದ್ದು. ಆದ್ರೆ ಮೂರು ಟಗರಲ್ಲಿ ಒಂದು ನಾರಿ ಸುವರ್ಣ. ಗೊತ್ತಿಲ್ದೋರಿಗೆ ಹೇಳ್ತೀನಿ, ಮಹಾರಾಷ್ಟ್ರದ ಫಲ್ಟಣ್‌ನಲ್ಲಿರೋ ನಿಂಬ್ಕರ್ ಕೃಷಿ ಸಂಶೋಧನಾ ಸಂಸ್ಥೆಯೋರು ಡೆಕ್ಕನಿಗೆ ಬಂಗಾಳದ ಸುಂದರಬನದ ಗರೋಲ್ ಕುರಿಯ ಅವಳಿ-ಮರಿ ಜೀನ್ ಸೇರಿಸಿ ಮಾಡಿದ ತಳಿ ಇದು. ಇದ್ರ ಹೆಣ್ಣು ಮರಿಗಳು ದೊಡ್ಡವಾದ್ಮೇಲೆ ಎರಡೆರಡು ಮರಿ ಹಾಕೋದು ಜಾಸ್ತಿ. ಮಳೆ ಆದ ವರ್ಷ ಇದಕ್ಕಿಂತ ಲಾಭ ಇನ್ನೊಂದಿಲ್ಲ. ಮಳೆ ಆಗದ ವರ್ಷ ಏನಾಗುತ್ತೆ ಅನ್ನೋದನ್ನ ಈ ಮಂದೇಲಿ ಕಣ್ಣಾರೆ ನೋಡಿದ್ವಿ.

2023ರ ಮಳೆ ಹೆಂಗಿತ್ತು ಅಂತ ಯಾರಿಗೂ ನೆನಪು ಮಾಡ್ಬೇಕಾಗಿಲ್ಲ. ಆ ವರ್ಷದ ಆಗಸ್ಟ್ ತಿಂಗಳು ದೇಶದಲ್ಲಿ 1901ರಿಂದ ಈಚೆಗೆ ಅತಿ ಕಮ್ಮಿ ಮಳೆ ಆದ ಆಗಸ್ಟ್. ರಾಜ್ಯದ 236 ತಾಲ್ಲೂಕಲ್ಲಿ 223 ಬರಪೀಡಿತ ಅಂತ ಘೋಷಣೆ ಆಯ್ತು. ಚಳ್ಳಕೆರೆ ಸೀಮೆ ಮೊದ್ಲೇ ಒಣ ಸೀಮೆ, ಇಲ್ಲಿ ಬದುಕು ನಿಂತಿರೋದು ಶೇಂಗಾ ಮೇಲೆ. ಶೇಂಗಾ ಹೋಯ್ತು ಅಂದ್ರೆ ರೈತ್ರಿಗೆ ಕಾಯಿ ಹೋಯ್ತು, ಕುರಿಯೋರಿಗೆ ಹೊಟ್ಟು ಹೋಯ್ತು. ಪೇಪರ್‌ನೋರು ಮೊದಲನೇದು ಮಾತ್ರ ಬರೀತಾರೆ.

ಕಾವಲ್, ಅಂದ್ರೆ ಹುಲ್ಲುಗಾವಲು, ಅದ್ರ ವಿಷ್ಯ ಬೇರೆ ಇದೆ. ಅಮೃತಮಹಲ್ ಕಾವಲಿನಲ್ಲಿ 2009-10ರ ಸುಮಾರಿಗೆ ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆ ಅಂತ ಹತ್ತು ಸಾವಿರ ಎಕರೆ ಹತ್ತಿರ ಹೋಯ್ತು, ಗೋಡೆ ಬಂತು. ಅದು ಸರಿಯೋ ತಪ್ಪೋ ಅನ್ನೋ ಜಗಳ ಇಲ್ಲಿ ಬೇಡ. ಕುರಿ ಲೆಕ್ಕದಲ್ಲಿ ಹೇಳೋದಾದ್ರೆ, ಮುಂಚೆ ಬರ ಬಂದಾಗ ಹೋಗಿ ಬೀಳ್ತಿದ್ದ ಜಾಗ ಈಗಿಲ್ಲ, ಇರೋ ತುಂಡು ಕಾವಲಿಗೆ ಎಲ್ಲಾ ಹಟ್ಟಿ ಕುರಿನೂ ಬೀಳುತ್ತೆ, ಜನವರಿಗೇ ನೆಲ ಬೋಳು.

ಹಂಗಾಗಿ ಇವ್ರು ವಾಡಿಕೆಯಂಗೆ ಡಿಸೆಂಬರ್‌ಗೆ ಭದ್ರಾ ಅಚ್ಚುಕಟ್ಟಿಗೆ, ದಾವಣಗೆರೆ ಕಡೆಗೆ ಮಂದೆ ಹೊಡ್ಕೊಂಡು ಹೋದ್ರು. ಭತ್ತ ಕೊಯ್ದ ಗದ್ದೇಲಿ ಕೂಳೆ ಮೇಯ್ಸೋದು, ರಾತ್ರಿ ರೈತ್ರ ಹೊಲದಲ್ಲಿ ಮಂದೆ ಕೂರ್ಸೋದು, ಗೊಬ್ಬರಕ್ಕೆ ಅಷ್ಟೋ ಇಷ್ಟೋ ದುಡ್ಡು ಕಾಳು ಸಿಗೋದು. ಆ ವರ್ಷ ಭದ್ರಾ ಡ್ಯಾಮೇ ತುಂಬಿರ್ಲಿಲ್ಲ, ನೀರಿಗೆ ಜಗಳ, ಬೇಸಿಗೆ ಭತ್ತ ಬಹಳ ಕಡೆ ನಾಟಿನೇ ಆಗ್ಲಿಲ್ಲ. ಹಸಿರು ಉಳಿದಿದ್ದು ಕಾಲುವೆ ಬಸಿಯೋ ಜಾಗದಲ್ಲಿ, ತೂಬಿನ ಕೆಳಗೆ ಅಷ್ಟೇ, ಸುತ್ತಲಿನ ಮಂದೆ ಎಲ್ಲಾ ಅಲ್ಲಿಗೇ. ಈ ಒಂದು ವಿಷ್ಯ ನೆನಪಿಟ್ಕೊಳ್ಳಿ. ಫೆಬ್ರವರಿ ಕೊನೆಗೆ ಅಲ್ಲೂ ಮುಗೀತು, ಪ್ರತಿ ವರ್ಷಕ್ಕಿಂತ ಬಹಳ ಮುಂಚೆನೇ ಊರಿಗೆ ವಾಪಸ್.

ಕೊಯ್ದು ನೋಡಿದಾಗ

ಬೆಳಗ್ಗೆ ಸತ್ತಿದ್ದ ಎರಡು ಕುರಿ ಇನ್ನೂ ಇತ್ತು. ಕುರಿ ಸತ್ರೆ ಸರ್ಕಾರ ಕೊಡೋ ಅನುಗ್ರಹ ಯೋಜನೆ ಪರಿಹಾರಕ್ಕೂ ಪೋಸ್ಟ್‌ಮಾರ್ಟಂ ಬೇಕೇ ಬೇಕು, ಕಾರಣ ತಿಳಿಯೋದಕ್ಕಂತೂ ಅದಕ್ಕಿಂತ ಒಳ್ಳೇ ದಾರಿ ಇಲ್ಲ.

ಮೊದಲನೇದು ಬರೀ ಮೂಳೆ ಚಕ್ಕಳ. ಕೊಯ್ದ್ರೆ ಹೊಟ್ಟೆ ಗಟ್ಟಿಯಾಗಿ ತುಂಬಿದೆ, ಒಣ ಜೋಳದ ಸಪ್ಪೆ (ದಂಟು), ರಾಗಿ ಹುಲ್ಲು, ಎರಡು ಪ್ಲಾಸ್ಟಿಕ್ ಕವರು, ಒತ್ತಿ ತುಂಬಿದ ಚೀಲ ಇದ್ದಂಗೆ. ದೊಡ್ಡಣ್ಣ ಪಕ್ಕದಲ್ಲೇ ನಿಂತಿದ್ರು. "ನೋಡಿ ಸಾರ್, ಹೊಟ್ಟೆ ತುಂಬೈತೆ, ಹಸ್ಕೊಂಡು ಸತ್ತಿಲ್ಲ" ಅಂದ್ರು. ಮೂತ್ರಪಿಂಡದ ಸುತ್ತ ಬಿಳೀ ಕೊಬ್ಬು ಇರ್ಬೇಕಾದ ಜಾಗದಲ್ಲಿ ನೀರು ನೀರಾದ ಲೋಳೆ, ಗುಂಡಿಗೆ ಮೇಲೂ ಅದೇ. ಮೈಲಿರೋ ಕೊನೇ ಕೊಬ್ಬನ್ನೂ ಕರಗಿಸಿ ತಿಂದು ಮುಗಿಸಿದ ಪ್ರಾಣಿಯ ಗುರುತು ಅದು. ಹಸಿವಿನಿಂದಲೇ ಸತ್ತಿತ್ತು, ತುಂಬಿದ ಹೊಟ್ಟೇಲಿ.

ಇದು ಹೆಂಗೆ ಅಂದ್ರೆ, ಕುರಿ ಹುಲ್ಲು ಅರಗಿಸ್ಕೊಳ್ಳಲ್ಲ, ಕುರಿ ಹೊಟ್ಟೇಲಿರೋ ಸೂಕ್ಷ್ಮಜೀವಿಗಳು ಅರಗಿಸೋದು. ಅವಕ್ಕೆ ಬದುಕೋಕೆ ಪ್ರೋಟೀನು ಬೇಕು, ಮೇವಲ್ಲಿ ಶೇಕಡ 7ರಷ್ಟಾದ್ರೂ ಇದ್ರೆ ಅವು ಕೆಲಸ ಮಾಡ್ತವೆ. ಒಣ ಸಪ್ಪೆ, ರಾಗಿ ಹುಲ್ಲಲ್ಲಿ ಇರೋದು ಶೇಕಡ 3, 4, ಹೆಚ್ಚಂದ್ರೆ 5. ಬರೀ ಅದನ್ನೇ ವಾರಗಟ್ಲೆ ಹಾಕಿದ್ರೆ ಜೀವಾಣುಗಳು ಕಮ್ಮಿ ಆಗ್ತವೆ, ಹುಲ್ಲು ಅರಗೋದು ನಿಧಾನ ಆಗುತ್ತೆ, ಒಳಗಿರೋದು ಮುಂದಕ್ಕೆ ಹೋಗಲ್ಲ, ಹೋಗ್ಲಿಲ್ಲ ಅಂದ್ರೆ ಹೊಸದಾಗಿ ತಿನ್ನೋಕೆ ಜಾಗ ಇರಲ್ಲ. ಹೊಟ್ಟೆ ನೋಡಿ ಕುರಿ ಮೇದಿದೆ ಅನ್ಕೊಳ್ಳೋದು ನಾವು. ಹಿಕ್ಕೆ ನೋಡಿದ್ರೆ ಗೊತ್ತಾಗುತ್ತೆ, ಇವ್ರ ರೊಪ್ಪದಲ್ಲಿ (ಕುರಿ ಕೂಡೋ ಜಾಗ) ಹಿಕ್ಕೆ ಕಲ್ಲಿನಂಗೆ ಗಟ್ಟಿ, ಒಡೆದು ನೋಡಿದ್ರೆ ಒಳಗೆ ನಾರು ನಾರು ಹಂಗೇ ಇದೆ.

ಅದೇ ಕುರಿಯ ಈಲಿ (ಲಿವರ್) ಕೊಯ್ದಾಗ ಪಿತ್ತನಾಳ ದಪ್ಪಗಾಗಿ, ಹಿಚುಕಿದ್ರೆ ಎಲೆ ಥರದ ಚಪ್ಪಟೆ ಹುಳ ಬಂದ್ವು. ಲಿವರ್ ಫ್ಲೂಕ್. ಒಣಸೀಮೆ ಚಳ್ಳಕೆರೇಲಿ ಇದು ಎಲ್ಲಿಂದ ಬರ್ಬೇಕು? ಕಾಲುವೆ ಬಸಿ ಜಾಗದಿಂದ. ಈ ಹುಳ ಬೆಳೆಯೋದು ನೀರಿನ ಬಸವನಹುಳು ಹೊಟ್ಟೇಲಿ, ಬರಗಾಲದಲ್ಲಿ ಬಸವನಹುಳುವೂ ಕುರಿಯೂ ಎರಡೂ ಉಳಿದಿರೋ ಒಂದೇ ಹಸಿರಿಗೆ ಬಂದು ಸೇರ್ತವೆ. ಬರ ಇದ್ರೆ ಹುಳದ ಕಾಟ ಇರಲ್ಲ ಅಂತ ಬಹಳ ಜನ ಅನ್ಕೊಂಡಿದಾರೆ, ನೀರಾವರಿ ಕಡೆಗೆ ಹೋಗಿಬಂದ ಮಂದೆಗೆ ಆ ಮಾತು ಉಲ್ಟಾ. ಆಮೇಲೆ ಮಂದೇಲಿ ಒಂದೊಂದೇ ಹಿಡಿದು ಕೆಳಗಿನ ಕಣ್ಣುರೆಪ್ಪೆ ಎಳೆದು ನೋಡಿದ್ವಿ, ಕೆಂಪಗಿರ್ಬೇಕಾದ್ದು ಸುಮಾರು ಕುರಿಗಳಲ್ಲಿ ಕಾಗದದಷ್ಟು ಬಿಳಿ, ಏಳೆಂಟಕ್ಕೆ ಗದ್ದದ ಕೆಳಗೆ ನೀರು ಇಳಿದು ಚೀಲದ ಥರ ಜೋತಿತ್ತು.

ಎರಡನೇ ಕುರಿ ಪೂರ್ತಿ ಬೇರೆ ಕಥೆ. ಮೈ ಪರ್ವಾಗಿಲ್ಲ, ಮಂದೇಲಿ ಗಟ್ಟಿ ಕುರಿ ಅಂತಲೇ ಹೇಳ್ಬಹುದು. ಹೊಟ್ಟೆ ಕೊಯ್ದ ತಕ್ಷಣ ಹುಳಿ ವಾಸನೆ ಮುಖಕ್ಕೆ ಬಡೀತು, ಒಳಗೆ ಗಂಜಿ ಥರ ನೀರು, ಅದ್ರ ತುಂಬ ಮೆಕ್ಕೆಜೋಳ.

ಮೂರು ದಿನದ ಹಿಂದೆ ನಡೆದಿದ್ದು ಇಷ್ಟು. ಕುರಿ ಸಾಯೋಕೆ ಶುರು ಆದ್ಮೇಲೆ ದೊಡ್ಡಣ್ಣ ಗಾಬ್ರಿಯಾಗಿ ಮಂಡಿಯಿಂದ ಮೂರು ಕ್ವಿಂಟಾಲ್ ಮೆಕ್ಕೆಜೋಳ ಸಾಲಕ್ಕೆ ತಂದ್ರು. ಸಂಜೆ ಒಂದು ಚೀಲ ಬೇಯ್ಸಿ ತಾಡಪಾಲಿನ ಮೇಲೆ ಸುರಿದು ಇಡೀ ಮಂದೆ ಬಿಟ್ರು. ಲೆಕ್ಕದಲ್ಲಿ ತಲೆಗೆ ಅರ್ಧ ಕೇಜಿಗಿಂತ ಕಮ್ಮಿ. ಆದ್ರೆ ಲೆಕ್ಕದ ಪ್ರಕಾರ ಕುರಿ ತಿನ್ನಲ್ವಲ್ಲ, ಗಟ್ಟಿ ಇರೋವು ನುಗ್ಗಿ ಒಂದೊಂದು ಕೇಜಿ ಒಂದೂವರೆ ಕೇಜಿ ತಿಂದಿವೆ, ಸೋತಿರೋವಕ್ಕೆ ತಾಡಪಾಲು ನೆಕ್ಕೋದಷ್ಟೇ ಸಿಕ್ಕಿದೆ. ತಿಂಗಳುಗಟ್ಲೆ ಹುಲ್ಲೇ ತಿಂದ ಹೊಟ್ಟೆಗೆ ಏಕಾಏಕಿ ಪಿಷ್ಟ ಬಿದ್ರೆ ಅಲ್ಲಿ ಆಸಿಡ್ ಹುಟ್ಟುತ್ತೆ, ಒಂದೆರಡು ದಿನದಲ್ಲಿ ಪ್ರಾಣ ಹೋಗುತ್ತೆ. ಮದುವೆ ಮನೆ ಅನ್ನ ತಿಂದು ಕುರಿ ಸಾಯೋದೂ ಇದೇ. ಅಂದ್ರೆ ಸೋತ ಕುರಿ ಉಳಿಸೋಕೆ ತಂದ ಕಾಳು ಸೋತ ಕುರಿಗೆ ಮುಟ್ಟಲೇ ಇಲ್ಲ, ಗಟ್ಟಿ ಕುರೀನ ಕೊಂದು ಹಾಕ್ತು.

ಯಾರಿಗೆ ಎಷ್ಟು

ಇಲ್ಲಿಂದ ನಿಜವಾದ ಕೆಲಸ, ಮತ್ತೆ ನಿಜವಾದ ಜಗಳ. ಮನೇಲಿ ಅವ್ವ ಒಬ್ರಿದಾರೆ, ಎಪ್ಪತ್ತು ದಾಟಿದೆ, ಮಂದೆಯ ಪ್ರತಿ ಕುರಿಯ ವಂಶ ಅವ್ರ ತಲೇಲಿದೆ. ಮಂದೆ ಬೇರೆ ಬೇರೆ ಮಾಡ್ಬೇಕು, ಕೆಲವಕ್ಕೆ ಹಿಂಡಿ, ಕೆಲವಕ್ಕೆ ಇಲ್ಲ ಅಂದಾಗ ಅವ್ರು ಒಪ್ಲೇ ಇಲ್ಲ. "ಎಲ್ಲಾ ಮಕ್ಳಿದ್ದಂಗೆ ಕಣಪ್ಪ, ಒಂದ್ಕೆ ಇಕ್ಕಿ ಇನ್ನೊಂದ್ರ ಮಕ ಹೆಂಗ್ ನೋಡದು" ಅಂದ್ರು. ಅವ್ರ ಮಾತಿಗೆ ಏನು ಹೇಳೋದು. ಆದ್ರೆ 112ಕ್ಕೆ ಸಮ ಹಂಚೋಕೆ ಹೋದ್ರೆ ಇರೋ ದುಡ್ಡಲ್ಲಿ ತಲೆಗೆ ಬರೋದು ಒಂದು ಹಿಡಿ, ಅದು ಗಬ್ಬದ ಕುರಿ ಹೊಟ್ಟೇಲಿರೋ ಮರಿಗೂ ಸಾಲಲ್ಲ, ಗಬ್ಬನೂ ಇಲ್ಲದ ಹಾಲೂ ಇಲ್ಲದ ಒಣ ಕುರಿಗೆ ಅಷ್ಟು ಬೇಕಾಗೂ ಇಲ್ಲ. ಬರಗಾಲದ ಮೇವು ಅಂದ್ರೆ ಎಷ್ಟು ತರ್ತೀವಿ ಅನ್ನೋದಕ್ಕಿಂತ ಯಾರ ಬಾಯಿಗೆ ಹೋಗುತ್ತೆ ಅನ್ನೋದೇ ಮುಖ್ಯ, ಈ ಕೇಸಿಂದ ನಾನು ಹೇಳ್ಬೇಕಾಗಿರೋದು ಅಷ್ಟೇ, ಮುಂದಿಂದೆಲ್ಲ ಅದ್ರ ವಿವರ.

ವಿಂಗಡಣೆ ಕೈಯಲ್ಲೇ ಮಾಡಿದ್ದು. ಕೊನೇ ಪಕ್ಕೆಲುಬು ಮುಗಿದ ಮೇಲೆ ಸೊಂಟದ ಹತ್ರ ಬೆನ್ನು ಮೂಳೆ ಮೇಲೆ ಬೆರಳಿಟ್ಟು ಒತ್ತಿ ನೋಡೋದು, ಉಣ್ಣೆ ಇರೋದ್ರಿಂದ ಕಣ್ಣಲ್ಲಿ ನೋಡಿದ್ರೆ ಮೋಸ ಹೋಗ್ತೀರಿ. ಮೂಳೆ ಚೂಪಾಗಿ ಸಿಕ್ಕಿ, ಅಡ್ಡ ಮೂಳೆ ತುದಿ ಕೆಳಗೆ ಬೆರಳು ಸಲೀಸಾಗಿ ಹೋದ್ರೆ 1 ರಿಂದ 5ರ ಲೆಕ್ಕದಲ್ಲಿ ಅದು ಒಂದು, ಒಂದೂವರೆ. ಇವ್ರ ಮಂದೇಲಿ ಅರ್ಧಕ್ಕಿಂತ ಹೆಚ್ಚು ಹಂಗೇ ಇದ್ವು. ಗಬ್ಬ ಎಷ್ಟು ತಿಂಗಳು ಅನ್ನೋದಕ್ಕೆ ಕೆಚ್ಚಲು ನೋಡಿದ್ವಿ, ಅನುಮಾನ ಬಂದಾಗ ಅವ್ವನ್ನ ಕೇಳಿದ್ವಿ. ಯಾವ ಕುರಿ ಯಾವ ಹಬ್ಬದ ಹೊತ್ತಿಗೆ ಟಗರಿಗೆ ನಿಂತಿತ್ತು ಅಂತ ಅವ್ರು ಹೇಳಿದ್ದು ಆಮೇಲೆ ಈದಾಗ ನೋಡಿದ್ರೆ ಬಹುತೇಕ ಸರಿ ಬಂತು. ಕೊನೇ ಒಂದೂವರೆ ತಿಂಗಳ ಗಬ್ಬ 26, ಇವಕ್ಕೆ ಕೆಮ್ಮಣ್ಣು ಬಳಿದ್ವಿ. ಹಾಲೂಡಿಸೋವು 17, ಇವಕ್ಕೆ ನೀಲಿ. ಮಿಕ್ಕಿದ 35 ಒಣವು ಅಥವಾ ಈಗಷ್ಟೇ ಗಬ್ಬ ಕಟ್ಟಿದ್ದು.

ಈ ಲೆಕ್ಕ ಯಾಕಂದ್ರೆ ಮರಿ ಹೊಟ್ಟೇಲಿ ಬೆಳೆಯೋದ್ರಲ್ಲಿ ಮುಕ್ಕಾಲು ಪಾಲು ಕೊನೇ ಒಂದೂವರೆ ತಿಂಗಳಲ್ಲಿ. ಅವಳಿ ಇದ್ರೆ ಮರಿಗಳೇ ಹೊಟ್ಟೆ ಜಾಗ ತಿಂದ್ಬಿಡ್ತವೆ, ಮೇವಿಗೆ ಜಾಗ ಇರಲ್ಲ, ತಾಯಿ ತನ್ನ ಕೊಬ್ಬನ್ನ ವೇಗವಾಗಿ ಕರಗಿಸ್ತಾ ಹೋಗುತ್ತೆ, ರಕ್ತದಲ್ಲಿ ಸಕ್ಕರೆ ಬಿದ್ದು, ಕೊಬ್ಬು ಕರಗಿ ಹುಟ್ಟೋ ಕೀಟೋನ್ ಏರಿ ಕುರಿ ಮಲಗ್ಬಿಡುತ್ತೆ. ಮಲಗಿದ್ದ ನಾಲ್ಕರಲ್ಲಿ ಎರಡು ಇದೇ, ಎರಡೂ ಆ ನಾರಿ ಸುವರ್ಣ ಟಗರಿನ ಹೆಣ್ಮಕ್ಳು. ಎರಡು ದಿನದಿಂದ ಮಂದೆ ಬಿಟ್ಟು ಒಂದು ಪಕ್ಕ ನಿಲ್ತಿದ್ವು, ಗೋಡೆಗೆ ತಲೆ ಒತ್ತಿ ನಿಲ್ತಿದ್ವು ಅಂತ ತಮ್ಮ ಆಮೇಲೆ ಹೇಳಿದ್ರು. ಗ್ಲೂಕೋಸ್ ಡ್ರಿಪ್ಪು, ಬಾಯಿಗೆ ಸಕ್ಕರೆ ಏರಿಸೋ ಪ್ರೊಪೈಲೀನ್ ಗ್ಲೈಕಾಲ್ ಎಲ್ಲಾ ಆಯ್ತು, ಒಂದು ಎದ್ದಿತು, ಒಂದು ಹೋಯ್ತು. ಮೂರನೇದು ಮೆಕ್ಕೆಜೋಳ ತಿಂದಿದ್ದು, ಅಡುಗೆ ಸೋಡ ನೀರಲ್ಲಿ ಕಲೆಸಿ ಕುಡಿಸಿ, ಡ್ರಿಪ್ ಹಾಕಿ ಉಳೀತು. ನಾಲ್ಕನೇದು ಫ್ಲೂಕ್‌ನಿಂದ ರಕ್ತ ಬತ್ತಿದ್ದ ಗಬ್ಬದ ಕುರಿ, ಉಳೀಲಿಲ್ಲ. ಅವಳಿ ತಳಿ ಸಾಕೋದು ತಪ್ಪು ಅಂತ ನಾನು ಹೇಳಲ್ಲ, ಆದ್ರೆ ಆ ಟಗರು ತಗೊಳ್ಳೋವಾಗ ಕೊನೇ ಒಂದೂವರೆ ತಿಂಗಳ ಹಿಂಡಿ ಖರ್ಚನ್ನೂ ಸೇರಿಸಿಯೇ ಅದ್ರ ಬೆಲೆ ಅಂತ ಯಾರೂ ಹೇಳಿಕೊಡಲ್ಲ.

ದುಡ್ಡೆಲ್ಲಿಂದ

ಮಂಡಿ ಸಾಲ ಆಗ್ಲೇ ಇತ್ತು. ಸರ್ಕಾರಿ ಗೋಶಾಲೆ, ಮೇವಿನ ಬ್ಯಾಂಕು ನಮ್ಮಲ್ಲಿ ನಡೆಯೋದು ದನ ಎಮ್ಮೆ ಲೆಕ್ಕದಲ್ಲಿ, ನಡೆದಾಡೋ ಕುರಿ ಮಂದೆಗೆ ಅದ್ರಲ್ಲಿ ಸಿಗೋದು ಅಷ್ಟಕ್ಕಷ್ಟೇ. ನಾವು ಹೇಳಿದ್ದು, ಮಾರಿ. ಬೆಳೆಯೋ ಗಂಡು 14, ಹಲ್ಲು ಬಿದ್ದ ಮುದಿ ಕುರಿ 9. ದೊಡ್ಡಣ್ಣ ಮುಖ ನೋಡಿದ್ರು. "ಅಲ್ಲ ಸಾರ್, ಕುರಿ ಮಾರಿ ಕುರಿಗಾಕದಾ?"

"ಹೂಂ ಯಜಮಾನ್ರೇ, ಈಗ ಮಾರಿದ್ರೆ ಕುರಿ ರೇಟು, ಇನ್ನೊಂದು ತಿಂಗಳು ಬಿಟ್ರೆ ಚರ್ಮದ ರೇಟು" ಅಂದ್ವಿ.

ಅವ್ರ ಲೆಕ್ಕ ಗಂಡು ಮರಿನೆಲ್ಲ ಬಕ್ರೀದ್‌ಗೆ ಇಟ್ಕೊಳ್ಳೋದು. ಮಾಮೂಲಿ ವರ್ಷ ಅದೇ ಸರಿ. ಆದ್ರೆ 2024ರಲ್ಲಿ ಬಕ್ರೀದ್ ಜೂನ್ 17, ಮೂರು ತಿಂಗಳು ಅವನ್ನ ಏನು ಹಾಕಿ ಸಾಕ್ತೀರಿ, ಸೊರಗಿದ ಟಗರಿಗೆ ಹಬ್ಬದ ರೇಟು ಯಾರು ಕೊಡ್ತಾರೆ? ಯುಗಾದಿ ಏಪ್ರಿಲ್ 9, ಮಾರನೇ ದಿನ ಹೊಸತೊಡಕು, ಅದ್ರ ಹಿಂದೇನೇ ರಂಜಾನ್. ಆ ಎರಡು ಹಬ್ಬದ ಮುಂಚಿನ ಸಂತೇಲಿ 14 ಗಂಡು ಹೋದ್ವು, ಮುದಿ ಕುರಿಗಳೂ ಹೋದ್ವು, ಸುಮಾರು ಒಂದು ಲಕ್ಷದ ಇಪ್ಪತ್ತು ಸಾವಿರ ಬಂತು. ಸಂತೇಲಿ ದಲ್ಲಾಳಿಗಳು ಬರಗಾಲ ನೋಡ್ಕೊಂಡು ಎಷ್ಟು ಇಳಿಸಿ ಕೇಳ್ತಾರೆ ಅನ್ನೋದು ಇನ್ನೊಂದು ಬರಹಕ್ಕೆ ಆಗುತ್ತೆ, ಬಿಡಿ. ಮಲಗಿ ಸತ್ತ ಎರಡನ್ನೂ ಕಳೆದು ರೊಪ್ಪದಲ್ಲಿ ಉಳಿದ ಬಾಯಿ 87.

ಹಾಕಿದ್ದೇನು

ಮೊದ್ಲು ಫ್ಲೂಕ್‌ಗೆ ಔಷಧಿ, ಆಕ್ಸಿಕ್ಲೋಜನೈಡ್, ತೂಗಿ ಕುಡಿಸಿದ್ದು. ಅಂದಾಜಲ್ಲಿ ಕುಡಿಸ್ಬೇಡಿ, 30 ಕೇಜಿ ಇದ್ದ ಕುರಿ ಈಗ 23, 24ಕ್ಕೆ ಇಳಿದಿದೆ, ಹಳೇ ಅಂದಾಜು ಈಗ ಹೆಚ್ಚಾಗುತ್ತೆ. ಹುಳ ಹಂಗೇ ಇಟ್ಕೊಂಡು ಹಿಂಡಿ ಹಾಕಿದ್ರೆ ಹಿಂಡಿ ದುಡ್ಡು ಹುಳಕ್ಕೆ.

ಕೆಮ್ಮಣ್ಣು ಮತ್ತೆ ನೀಲಿ ಕುರಿಗಳಿಗೆ ಮಿಶ್ರಣ: ಅರ್ಧ ಪಾಲು ಮೆಕ್ಕೆಜೋಳದ ನುಚ್ಚು, ಕಾಲು ಪಾಲಿಗಿಂತ ಸ್ವಲ್ಪ ಜಾಸ್ತಿ ಶೇಂಗಾ ಹಿಂಡಿ, ಮಿಕ್ಕಿದ್ದು ಗೋಧಿ ಬೂಸಾ, ನೂರು ಕೇಜಿಗೆ ಎರಡು ಕೇಜಿ ಖನಿಜ ಮಿಶ್ರಣ, ಒಂದು ಕೇಜಿ ಉಪ್ಪು. ಶುರು ಮಾಡಿದ್ದು ತಲೆಗೆ 50 ಗ್ರಾಂನಿಂದ, ಹತ್ತು ಹನ್ನೆರಡು ದಿನ ಹಿಡಿದು 200 ಗ್ರಾಂಗೆ ಏರ್ಸಿದ್ದು, ಅದೂ ಬೆಳಗ್ಗೆ ಅರ್ಧ ಸಂಜೆ ಅರ್ಧ. ಜೊತೆಗೆ ಹೊರಗಿಂದ ತಂದ ಶೇಂಗಾ ಹೊಟ್ಟು 300 ಗ್ರಾಂ. ಸಾಲಕ್ಕೆ ತಂದಿದ್ದ ಮೆಕ್ಕೆಜೋಳ ವೇಸ್ಟ್ ಆಗ್ಲಿಲ್ಲ, ನುಚ್ಚು ಮಾಡ್ಸಿ ಇದಕ್ಕೇ ಬಳಸಿದ್ವಿ. ಹಿಂಡಿ ತಗೊಳ್ಳೋವಾಗ ಒಡೆದು ಮೂಸಿ ನೋಡಿ ತಗೊಂಡಿದ್ದು, ಬೂಷ್ಟು ಹಿಡಿದ ಶೇಂಗಾ ಹಿಂಡಿ ಅಗ್ಗಕ್ಕೆ ಸಿಗುತ್ತೆ, ಅದ್ರಲ್ಲಿರೋ ಬೂಷ್ಟಿನ ವಿಷ ಅಫ್ಲಾಟಾಕ್ಸಿನ್ ಸೀದಾ ಈಲಿಗೇ ಹೊಡೆಯುತ್ತೆ, ಫ್ಲೂಕ್ ತಿಂದ ಈಲಿಗೆ ಇನ್ನೊಂದು ಏಟು ಬೇಕಾ.

ಒಣ ಕುರಿ, ಮುದಿಯವು ಹೋದ್ಮೇಲೆ 26 ಉಳಿದ್ವು, ಇವಕ್ಕೆ ಕಾಳೇ ಇಲ್ಲ. ಇವು ಸ್ವಲ್ಪ ಇಳೀಲಿ ಅಂತಲೇ ಬಿಟ್ಟಿದ್ದು, ಸಾಯಬಾರ್ದು ಅಷ್ಟೇ. ಇವಕ್ಕೆ ಬೇಕಾಗಿದ್ದು ತಿಂದ ಸಪ್ಪೆ ಅರಗೋ ಅಷ್ಟು ಪ್ರೋಟೀನು, ದಿನಕ್ಕೆ 40 ಗ್ರಾಂ ಹಿಂಡಿ. ದಿನಾ 40 ಗ್ರಾಂ ಹಾಕಿದ್ರೆ ಮತ್ತೆ ನುಗ್ಗೋವೇ ತಿಂತವೆ, ಅದ್ಕೆ ದಿನ ಬಿಟ್ಟು ದಿನ 80 ಗ್ರಾಂ ಹಾಕ್ಸಿದ್ವಿ. ಹಿಂಡಿ ಮಟ್ಟಿಗೆ ಇದು ನಡೆಯುತ್ತೆ, ಮೆಲುಕು ಹಾಕೋ ಪ್ರಾಣಿ ಒಂದು ದಿನ ಬಂದ ಸಾರಜನಕಾನ ಯೂರಿಯಾ ಮಾಡಿ, ಎಂಜಲಿನ ಮೂಲಕ ಮತ್ತೆ ಹೊಟ್ಟೆಗೆ ತಂದ್ಕೊಂಡು ಮರುದಿನಾನೂ ಬಳಸುತ್ತೆ. ಕಾಳಿಗೆ ಈ ಆಟ ಆಡೋಕೆ ಹೋಗ್ಬೇಡಿ, ಮೆಕ್ಕೆಜೋಳ ಎರಡು ದಿನದ್ದು ಒಟ್ಟಿಗೆ ಹಾಕಿದ್ರೆ ಮತ್ತೆ ಅದೇ ಹುಳಿ ಹೊಟ್ಟೆ.

ಮರಿಗಳಿಗೆ ರೊಪ್ಪದ ಮೂಲೇಲಿ ಮುಳ್ಳುಕಟ್ಟಿಗೆ ಹಾಕಿ, ಮರಿ ಮಾತ್ರ ನುಸುಳೋ ಅಷ್ಟು ಸಂದಿ ಬಿಟ್ಟು ಒಳಗೆ ನುಚ್ಚು-ಹಿಂಡಿ ಇಟ್ರು. ಇದನ್ನ ಮಾಡಿದ್ದು ತಮ್ಮನ ಹೆಂಡ್ತಿ, ಸಂದಿ ಅಳತೆ ಅವ್ರೇ ಎರಡು ಸಲ ಬದಲಾಯ್ಸಿದ್ರು.

ಪುಕ್ಕಟೆ ಸಿಗೋದ್ರಲ್ಲಿ ಮುಖ್ಯವಾದ್ದು ಎರಡು. ಕಮರ ಮರದ ಸೊಪ್ಪು ಈ ಸೀಮೇಲಿ ಬರಗಾಲದ ಆಧಾರ, ಕೊಂಬೆ ಪೂರ್ತಿ ಕಡಿಯದೇ ತುದಿ ಮಾತ್ರ ಸವರಿದ್ರೆ ಮುಂದಿನ ವರ್ಷಕ್ಕೂ ಇರುತ್ತೆ. ಇನ್ನೊಂದು ಬಳ್ಳಾರಿ ಜಾಲಿ ಕಾಯಿ. ಕುರಿ ಆಸೆಯಿಂದ ತಿನ್ನುತ್ತೆ, ಸಿಹಿ ಇರುತ್ತೆ, ಪ್ರೋಟೀನೂ ಶೇಕಡ 10ರ ಮೇಲೆ. ಆದ್ರೆ ಹಂಗೇ ತಿಂದ್ರೆ ಬೀಜ ಅರಗಲ್ಲ, ಹಿಕ್ಕೇಲಿ ಹೊರಗೆ ಬಂದು ಇಡೀ ಕಾವಲಿಗೆ ಜಾಲಿ ಬಿತ್ತನೆ ಆಗುತ್ತೆ. ಕಾಯಿನ ಕಟಕಟ ಅನ್ನೋ ತನಕ ಒಣಗಿಸಿ ಕುಟ್ಟಿ ಹಾಕ್ಬೇಕು, ಹಸಿ ಇದ್ರೆ ಸಕ್ಕರೆ ಅಂಟಿ ಒರಳಲ್ಲಿ ಮುದ್ದೆ ಆಗುತ್ತೆ. ಒಟ್ಟು ಮೇವಲ್ಲಿ ಕಾಲು ಪಾಲು ದಾಟಿಸ್ಲಿಲ್ಲ.

ಯೂರಿಯಾ ಉಪಚಾರ ಯಾಕೆ ಮಾಡ್ಸಿಲ್ಲ ಅಂತ ಕೇಳ್ತೀರಿ. ನೂರು ಕೇಜಿ ಹುಲ್ಲಿಗೆ 4 ಕೇಜಿ ಯೂರಿಯಾ, 50 ಲೀಟರ್ ನೀರು, ಗಾಳಿ ಆಡದಂಗೆ ಮುಚ್ಚಿ 21 ದಿನ, ಹುಲ್ಲು ಮೆತ್ತಗಾಗುತ್ತೆ, ಪ್ರೋಟೀನ್ ಏರುತ್ತೆ, ಎಲ್ಲಾ ನಿಜ. ಹಸು ಕಟ್ಟಿ ಸಾಕೋ ಮನೆಗೆ ಒಳ್ಳೇದು. ಕುಡಿಯೋ ನೀರಿಗೆ ಟ್ಯಾಂಕರ್ ಕಾಯೋ ಹಟ್ಟೀಲಿ, ಇವತ್ತೇ ಕುರಿ ಬೀಳ್ತಿರೋವಾಗ, ಮೂರು ವಾರ ಆದ್ಮೇಲೆ ಬಾ ಅನ್ನೋ ಸಲಹೆ ನನ್ನ ಪ್ರಕಾರ ಕರಪತ್ರದ ಸಲಹೆ. ಮೇಲಾಗಿ ಕಲೆಸೋದು ಹೆಚ್ಚುಕಮ್ಮಿ ಆಗಿ ಯೂರಿಯಾ ಒಂದೇ ಕಡೆ ಉಂಡೆ ಕಟ್ಟಿದ್ರೆ ಅದೇ ವಿಷ.

ನೀರು, ಬಿಸಿಲು

ಮುಂಚೆ ಇವ್ರು ಬೆಳಗ್ಗೆ ಎಂಟಕ್ಕೆ ಮಂದೆ ಬಿಟ್ಟು ಸಂಜೆ ತನಕ ಸುತ್ತಿಸ್ತಿದ್ರು, ಮಧ್ಯಾಹ್ನ ಒಂದ್ಸಲ ನೀರು. ಹನ್ನೊಂದು ಗಂಟೆ ಮೇಲೆ 38, 39 ಡಿಗ್ರಿ ಬಿಸಿಲಲ್ಲಿ ಕುರಿ ಮೇಯಲ್ಲ, ಒಂದ್ರ ಹೊಟ್ಟೆ ಕೆಳಗೆ ಇನ್ನೊಂದು ತಲೆ ತೂರ್ಸಿ ಗುಂಪು ಕಟ್ಟಿ ನಿಲ್ಲುತ್ತೆ, ನೀವೂ ನೋಡಿರ್ತೀರ. ಅಂದ್ರೆ ಅಷ್ಟು ದೂರ ನಡೆದಿದ್ದು ದಂಡ, ಏದುಸಿರು ಬಿಟ್ಟು ಖರ್ಚು ಮಾಡಿದ ಶಕ್ತಿ ಬೇರೆ ದಂಡ. ಬೆಳಗ್ಗೆ ಬೆಳಕು ಹರಿಯೋ ಹೊತ್ತಿಗೆ ಬಿಟ್ಟು ಒಂಬತ್ತೂವರೆಗೆ ಹುಣಸೆ ಮರದ ನೆರಳಿಗೆ, ಮತ್ತೆ ನಾಲ್ಕೂವರೆ ಮೇಲೆ ಕತ್ತಲಾಗೋ ತನಕ ಅಂತ ಬದಲಾಯ್ಸಿದ್ವಿ. ಗಬ್ಬದ ಕುರಿಗಳು ಹಟ್ಟಿ ಸುತ್ತಮುತ್ತ ಮಾತ್ರ. ರಾತ್ರಿ ಮೇಯ್ಸಿದ್ರೆ ಇನ್ನೂ ಒಳ್ಳೇದು, ಆದ್ರೆ ಈ ಕಾವಲಲ್ಲಿ ತೋಳ ಇದಾವೆ, ಅವ್ರು ಬೇಡ ಅಂದಿದ್ದೇ ಸರಿ.

ನೀರು ದಿನಕ್ಕೆ ಎರಡು ಸಲ. ಒಣ ಮೇವು ತಿನ್ನೋ ಕುರಿಗೆ ಬೇಸಿಗೇಲಿ ನಾಲ್ಕೈದು ಲೀಟರ್ ಬೇಕು, ಹಾಲೂಡಿಸೋದಕ್ಕೆ ಇನ್ನೂ ಜಾಸ್ತಿ, ನೀರು ಕಮ್ಮಿ ಆದ್ರೆ ಕುರಿ ಮೇವೇ ಕಮ್ಮಿ ಮಾಡುತ್ತೆ. ಇದ್ದಿದ್ದು ಒಂದೇ ಸಿಮೆಂಟ್ ತೊಟ್ಟಿ, ಅಲ್ಲೂ ಗಟ್ಟಿಯವೇ ಮೊದ್ಲು. ಪ್ಲಾಸ್ಟಿಕ್ ಡ್ರಮ್ ಉದ್ದಕ್ಕೆ ಸೀಳಿ ಇನ್ನೂ ನಾಲ್ಕು ತೊಟ್ಟಿ ಮಾಡಿ ನೆರಳಲ್ಲಿ ಇಟ್ವಿ. ಬೋರ್ ನೀರು ಸವಳು ಇತ್ತು, ಅದ್ಕೆ ಬೇರೆ ಉಪ್ಪು ನೆಕ್ಕೋಕೆ ಇಡ್ಲಿಲ್ಲ.

ಮಳೆ ಬಂದ್ಮೇಲೆ

ಮೇನಲ್ಲಿ ಮಳೆ ಬಿತ್ತು. ಮಂದೆ ಉಳೀತು ಅಂತ ಎಲ್ರೂ ಅನ್ಕೊಳ್ಳೋದು ಆಗ, ಎಷ್ಟೋ ಮಂದೆ ಕೈ ಕೊಡೋದೂ ಆಗ್ಲೇ. ವಾರದೊಳಗೆ ನೆಲ ಹಸಿರಾಗುತ್ತೆ, ಕುರಿ ಒಣ ಮೇವು ಮೂಸಿಯೂ ನೋಡಲ್ಲ, ಬೆರಳುದ್ದ ಹಸಿರಿಗೆ ಮೈಲಿಗಟ್ಲೆ ಓಡುತ್ತೆ. ಆ ಹಸಿರಲ್ಲಿ ಹತ್ತರಲ್ಲಿ ಎಂಟು ಪಾಲು ನೀರು, ತಿಂದು ಸಿಗೋದಕ್ಕಿಂತ ಓಡಿ ಕಳ್ಕೊಳ್ಳೋದೇ ಜಾಸ್ತಿ. ಅದ್ಕೆ ಮಳೆ ಬಿದ್ದ ಎರಡು ವಾರ ಹಿಂಡಿ-ಹೊಟ್ಟು ನಿಲ್ಲಿಸಬಾರ್ದು, ಬೆಳಗ್ಗೆ ಒಣ ಮೇವು ತಿನ್ಸೇ ಹೊರಗೆ ಬಿಡ್ಬೇಕು ಅಂತ ಮೊದ್ಲೇ ಹೇಳಿದ್ವಿ. ಕರುಳುಬೇನೆ ಲಸಿಕೆ ಮೇ ಮೊದಲ ವಾರದಲ್ಲೇ ಆಗಿತ್ತು, ಹೊಸ ಹಸಿರು ಹೊಟ್ಟೆಗೆ ಬಿದ್ದಾಗ ಆ ರೋಗ ಏಳುತ್ತೆ, ಹಸಿರು ಕಂಡ್ಮೇಲೆ ಸೂಜಿ ಹಾಕ್ಸಿದ್ರೆ ತಡ ಆಯ್ತು.

ಇಷ್ಟಾದ್ರೂ ಒಂದು ಹೋಯ್ತು. ಪಕ್ಕದ ಹೊಲದಲ್ಲಿ ಹಿಂದಿನ ಜೋಳದ ಕೂಳೆ ಮಳೆಗೆ ಚಿಗುರಿತ್ತು, ಗೇಣುದ್ದ ಇಲ್ಲ. ಬರದಲ್ಲಿ ಒಣಗಿ ಚಿಗುರಿದ ಎಳೇ ಜೋಳದಲ್ಲಿ ಸೈನೈಡ್ ಹುಟ್ಟೋ ಅಂಶ ಜಾಸ್ತಿ. ನಾಲ್ಕು ಕುರಿ ನುಗ್ಗಿದ್ವು, ಒಂದು ಅಲ್ಲೇ ಒದ್ದಾಡಿ ಬಿತ್ತು, ನಿಮಿಷಗಳ ವಿಷ್ಯ ಅದು. ಮೂರಕ್ಕೆ ಅದ್ರ ಮದ್ದು ಸೋಡಿಯಂ ಥಯೋಸಲ್ಫೇಟ್ ಸಿಕ್ತು, ಹತ್ರದಲ್ಲಿ ಡಾಕ್ಟ್ರು ಇದ್ದಿದ್ದಕ್ಕೆ. ಜೋಳ ಸೊಂಟದೆತ್ತರ ದಾಟೋ ತನಕ ಅದ್ರ ಹತ್ರ ಬಿಡ್ಲೇಬಾರ್ದು ಅನ್ನೋದು ದೊಡ್ಡಣ್ಣನಿಗೂ ಗೊತ್ತಿತ್ತು, ಆ ದಿನ ಮಂದೆ ಹಿಂದೆ ಇದ್ದಿದ್ದು ಹುಡುಗ.

ಕೊನೆಗೆ ಲೆಕ್ಕ

ವಿಂಗಡಣೆ ಆದ್ಮೇಲೆ ಸತ್ತಿದ್ದು ಒಟ್ಟು 4: ಮಲಗಿದ್ದವುಗಳಲ್ಲಿ ಎರಡು, ಏಪ್ರಿಲ್ ಬಿಸಿಲಲ್ಲಿ ಒಂದು ಒಣ ಕುರಿ, ಜೋಳದ ಚಿಗುರಿಗೆ ಒಂದು. ಉಳಿದ 24 ಗಬ್ಬದ ಕುರಿ ಈದ್ವು, 29 ಮರಿ, ಅದ್ರಲ್ಲಿ 4 ಉಳೀಲಿಲ್ಲ. ಹಾಲೂಡಿಸೋ ಕುರಿಗಳ ತೂಕ ಹೆಚ್ಚೂಕಮ್ಮಿ ಇದ್ದಲ್ಲೇ ನಿಂತಿತ್ತು, ಒಣ ಕುರಿ ಒಂದೊಂದು ಕೇಜಿ ಇಳಿದ್ವು. ಖರ್ಚು ದಿನಕ್ಕೆ ಐನೂರ ಚಿಲ್ಲರೆ, ಎರಡೂವರೆ ತಿಂಗಳಿಗೆ 40 ಸಾವಿರದ ಹತ್ರ, ಮಾರಿದ ದುಡ್ಡಲ್ಲಿ ಇದು ಕಳೆದು ಮಂಡಿ ಸಾಲನೂ ತೀರ್ತು. ಅನುಗ್ರಹದಲ್ಲಿ ಆಗ ಇದ್ದಂಗೆ ದೊಡ್ಡ ಕುರಿಗೆ 5,000 ಅಂತ ಅರ್ಜಿ ಹಾಕಿದ್ರು, ಪೋಸ್ಟ್‌ಮಾರ್ಟಂ ಆಗಿದ್ದವಕ್ಕೆ ಮಾತ್ರ.

ಅವ್ವ ಕೊನೇವರೆಗೂ ಪೂರ್ತಿ ಒಪ್ಲಿಲ್ಲ. ಒಣ ಕುರಿಗೆ ಕದ್ದು ಒಂದೊಂದು ಹಿಡಿ ನುಚ್ಚು ಹಾಕ್ತಿದ್ರು ಅಂತ ಸೊಸೆ ಹೇಳಿದ್ರು, ಒಂದು ಹಿಡಿ ಅಂದ್ರೆ ತೊಂದ್ರೆ ಇಲ್ಲ ಅಂತ ನಾವೂ ಸುಮ್ನಿದ್ವಿ.

ಬಗೆಹರಿಯದೇ ಉಳಿದಿದ್ದು ಟಗರಿನ ವಿಷ್ಯ. ಟಗರು ವರ್ಷ ಪೂರ್ತಿ ಮಂದೇಲೇ ಇದ್ರೆ ಬೇಸಿಗೆ ಮಧ್ಯೆ ಈಯೋದು ತಪ್ಪಲ್ಲ. ಸೆಪ್ಟೆಂಬರ್‌ನಿಂದ ಒಂದು ಮೂರು ತಿಂಗಳು ಟಗರು ಬೇರೆ ಕಟ್ಟಿ, ಫೆಬ್ರವರಿಯಿಂದ ಏಪ್ರಿಲ್ ತನಕ ಈಯೋದು ಕಮ್ಮಿ ಮಾಡಿ ಅಂದ್ರೆ ತಮ್ಮ ಒಪ್ತಾರೆ, ಅಣ್ಣ "ವರ್ಷಕ್ಕೊಂದೇ ಸೂಲು ಅಂದ್ರೆ ನಾವು ಬದುಕದು ಹೆಂಗೆ" ಅಂತಾರೆ. ಅವ್ರ ಲೆಕ್ಕನೂ ಸುಳ್ಳಲ್ಲ, ಮೂರು ವರ್ಷಕ್ಕೆ ಎರಡು ವರ್ಷ ಆ ಬೇಸಿಗೆ ಮರಿಗಳೇ ಮನೆ ನಡೆಸಿರೋದು. ಸದ್ಯಕ್ಕೆ ಆಗಿರೋ ರಾಜಿ ಅಂದ್ರೆ ನಾರಿ ಸುವರ್ಣ ಟಗರು ಮಾತ್ರ ಆ ಮೂರು ತಿಂಗಳು ಬೇರೆ, ಉಳಿದೆರಡು ಮಂದೇಲೇ. ಮತ್ತೆ 2024ರ ಶೇಂಗಾ ಕಿತ್ತ ಮೇಲೆ ಎರಡು ಟ್ರ್ಯಾಕ್ಟರ್ ಲೋಡ್ ಹೊಟ್ಟು ಕೊಂಡು ಕಲ್ಲಿನ ಕಟ್ಟೆ ಮೇಲೆ ಬಣವೆ ಹಾಕಿ ಮುಚ್ಚಿಟ್ರು, ಅದು ಇಬ್ರೂ ಒಪ್ಪಿ ಮಾಡಿದ್ದು.